ಬೆಕ್ಕಿನ ನೆಗಡಿ, ಕೆಮ್ಮು, ಗೂರಲು: ಯಾವುದು ತಾನಾಗಿ ವಾಸಿಯಾಗುತ್ತದೆ, ಯಾವುದಕ್ಕೆ ಅವತ್ತೇ ಡಾಕ್ಟರ ಬಳಿ ಓಡಬೇಕು?

"ಬೆಕ್ಕಿಗೆ ನೆಗಡಿಯಾಗಿದೆ, ಏನು ಕೊಡಬೇಕು?" ಎಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿ ನೋಡಿ. ಹತ್ತು ನಿಮಿಷದಲ್ಲಿ ಐದು ಉತ್ತರ ಬರುತ್ತವೆ. ಅರ್ಧ ಪ್ಯಾರಸಿಟಮಾಲ್ ಪುಡಿ ಮಾಡಿ ಹಾಲಿಗೆ ಹಾಕಿ ಕೊಡಿ. ಎದೆಗೆ ವಿಕ್ಸ್ ಹಚ್ಚಿ. ನೀಲಗಿರಿ ಎಣ್ಣೆ ಮೂಸಿಸಿ. ಹರಳೆಣ್ಣೆ ಕುಡಿಸಿ. ಮೊದಲು ಅದನ್ನು ಮನೆಯಿಂದ ಆಚೆ ಹಾಕಿ, ಮಕ್ಕಳಿಗೆ ಗೂರಲು ಹತ್ತುತ್ತದೆ. ಇವುಗಳಲ್ಲಿ ಮೊದಲ ನಾಲ್ಕೂ ಬೆಕ್ಕಿಗೆ ಅಪಾಯ. ಅದರಲ್ಲೂ ಮೊದಲನೆಯದು ಕೊಂದೇಬಿಡಬಹುದು. ಐದನೆಯದರಲ್ಲಿ ಒಂದಿಷ್ಟು ನಿಜ, ಬಹಳಷ್ಟು ಸುಳ್ಳು ಬೆರೆತಿದೆ.

ಹಾಸನ–ಬೇಲೂರು ರಸ್ತೆಯಲ್ಲಿ ಹಳೇಬೀಡಿಗೆ ತಿರುಗುವ ಹಗರೆಯಂಥ ಊರುಗಳಲ್ಲಿ ಬೆಕ್ಕು ಮುದ್ದಿನ ಪ್ರಾಣಿ ಎನ್ನುವುದಕ್ಕಿಂತ ಮನೆಯ ಕೆಲಸಗಾರ. ರಾಗಿ, ಜೋಳದ ಮೂಟೆ ಇದ್ದಲ್ಲಿ ಇಲಿ ಇರುತ್ತದೆ, ಇಲಿ ಇದ್ದಲ್ಲಿ ಬೆಕ್ಕು ಬೇಕು. ಹಸು ಮೇವು ಬಿಟ್ಟರೆ ಅವತ್ತೇ ಪಶುವೈದ್ಯರಿಗೆ ಫೋನು ಹೋಗುತ್ತದೆ. ಬೆಕ್ಕು ಎರಡು ದಿನ ಅನ್ನ ಮುಟ್ಟದಿದ್ದರೆ "ಎಲ್ಲೋ ಇಲಿ ತಿಂದಿರಬೇಕು" ಎಂದು ಸುಮ್ಮನಾಗುತ್ತೇವೆ. ಬೆಕ್ಕು ಕೂಡ ಸಹಾಯ ಮಾಡುವುದಿಲ್ಲ. ಕಾಯಿಲೆ ಬಂದಾಗ ಅದು ನರಳುವುದಿಲ್ಲ, ಅಟ್ಟದ ಮೇಲೋ ಸೌದೆ ಒಟ್ಟಿದ ಕಡೆಯೋ ಹೋಗಿ ಅಡಗಿ ಕೂರುತ್ತದೆ. ನಮಗೆ ಕಾಣುವ ಹೊತ್ತಿಗೆ ಕಾಯಿಲೆ ಅರ್ಧ ದಾರಿ ದಾಟಿರುತ್ತದೆ.

ಗೊರಗೊರ ಸದ್ದು ಗೂರಲು ಅಲ್ಲ

ಮೊದಲು ಐದನೆಯ ಉತ್ತರವನ್ನೇ ನೋಡೋಣ. ತೊಡೆಯ ಮೇಲೆ ಕೂತ ಬೆಕ್ಕು ಗೊರಗೊರ ಎನ್ನುವುದು ಅದಕ್ಕೆ ಗೂರಲು ಇರುವುದರಿಂದ, ಅದರ ಜೊತೆ ಮಲಗಿದವರಿಗೂ ಅದು ಅಂಟುತ್ತದೆ ಎಂಬ ಮಾತು ಹಳೆಯದು. ಆ ಸದ್ದು ಹುಟ್ಟುವುದು ಶ್ವಾಸಕೋಶದಲ್ಲಿ ಅಲ್ಲ, ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ. ಅಲ್ಲಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 25ರಿಂದ 30 ಬಾರಿ ಕಂಪಿಸುತ್ತವೆ. ಉಸಿರು ಒಳಗೆ ಎಳೆಯುವಾಗಲೂ ಹೊರಗೆ ಬಿಡುವಾಗಲೂ ಕಂಪನ ನಡೆಯುವುದರಿಂದ ಸದ್ದು ತುಂಡಾಗದೆ ಕೇಳುತ್ತದೆ. ಗೂರಲಿನ ಸಿಳ್ಳೆಯಂಥ ಸದ್ದು ಬರುವುದು ಶ್ವಾಸನಾಳ ಕಿರಿದಾದಾಗ. ಎರಡಕ್ಕೂ ಸಂಬಂಧವಿಲ್ಲ.

ಇನ್ನೊಂದು ವಿಷಯ. ಬೆಕ್ಕು ಸುಖವಾಗಿದ್ದಾಗ ಮಾತ್ರ ಗೊರಗುಟ್ಟುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ನೋವಿನಲ್ಲಿ, ಭಯದಲ್ಲಿ, ಸಾಯುವ ಹೊತ್ತಿನಲ್ಲೂ ಕೆಲವು ಬೆಕ್ಕುಗಳು ಗೊರಗುಟ್ಟುತ್ತವೆ. ಹಾಗಾಗಿ "ಗೊರಗೊರ ಅಂತಿದೆ, ಚೆನ್ನಾಗೇ ಇದೆ" ಎಂಬ ತೀರ್ಮಾನವೂ ಬೇಡ.

ಮಕ್ಕಳ ಗೂರಲಿನ ಮಾತಿನಲ್ಲಿ ಇರುವ ನಿಜ ಇಷ್ಟೇ: ಕೆಲವರಿಗೆ ಬೆಕ್ಕಿನ ಅಲರ್ಜಿ ಇರುತ್ತದೆ. ಅದಕ್ಕೆ ಕಾರಣ ಕೂದಲು ಅಲ್ಲ. ಬೆಕ್ಕಿನ ಜೊಲ್ಲಿನಲ್ಲೂ ಚರ್ಮದ ಎಣ್ಣೆಗ್ರಂಥಿಗಳಲ್ಲೂ ಇರುವ 'ಫೆಲ್ ಡಿ 1' ಎಂಬ ಪ್ರೋಟೀನು. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟಿ, ಒಣಗಿ, ಗಾಳಿಯಲ್ಲಿ ತೇಲುತ್ತದೆ. ಆ ಅಲರ್ಜಿ ಇರುವ ಮಗುವಿಗೆ ಬೆಕ್ಕಿನಿಂದ ಉಬ್ಬಸ ಕೆರಳಬಹುದು. ಆಗ ಮಕ್ಕಳ ವೈದ್ಯರ ಮಾತು ಕೇಳಬೇಕು. ಆದರೆ ಇದು ಬೆಕ್ಕಿನಿಂದ ಅಂಟುವ ರೋಗವಲ್ಲ, ಅಲರ್ಜಿ ಇಲ್ಲದವರಿಗೆ ಬರುವುದೂ ಇಲ್ಲ.

ಬೆಕ್ಕಿನ ನೆಗಡಿ ಎಂದರೆ ಏನು?

ಪಶುವೈದ್ಯರು 'ಕ್ಯಾಟ್ ಫ್ಲೂ' ಎನ್ನುವುದಕ್ಕೂ ನಮ್ಮ ಫ್ಲೂಗೂ ಹೆಸರಿನ ಸಂಬಂಧ ಮಾತ್ರ. ಬಹುಪಾಲು ಪ್ರಕರಣಗಳಲ್ಲಿ ಎರಡು ವೈರಸ್‌ಗಳ ಕೈವಾಡ ಇರುತ್ತದೆ: ಬೆಕ್ಕಿನ ಹರ್ಪಿಸ್ ವೈರಸ್ ಮತ್ತು ಕ್ಯಾಲಿಸಿ ವೈರಸ್. ಕ್ಲಮೈಡಿಯಾ, ಬಾರ್ಡಟೆಲ್ಲಾ, ಮೈಕೊಪ್ಲಾಸ್ಮಾದಂಥ ಬ್ಯಾಕ್ಟೀರಿಯಾಗಳು ಕೆಲವೊಮ್ಮೆ ಜೊತೆ ಸೇರುತ್ತವೆ. ಹರ್ಪಿಸ್ ಆದರೆ ಸೀನು, ಮೂಗು ಸುರಿಯುವುದು, ಕಣ್ಣು ಕೆಂಪಾಗಿ ಪಿಸುರು ಕಟ್ಟುವುದು ಹೆಚ್ಚು. ಕ್ಯಾಲಿಸಿ ಆದರೆ ನಾಲಿಗೆ, ಬಾಯಿಯಲ್ಲಿ ಹುಣ್ಣಾಗಿ ಜೊಲ್ಲು ಸುರಿಯುತ್ತದೆ, ಕೆಲವು ಮರಿಗಳು ಕುಂಟುತ್ತವೆ. ಈ ಎರಡು ವೈರಸ್‌ಗಳು ಮನುಷ್ಯರಿಗೆ ಅಂಟುವುದಿಲ್ಲ. ನಮ್ಮ ಮಾಮೂಲಿ ನೆಗಡಿ ಬೆಕ್ಕಿಗೂ ಅಂಟುವುದಿಲ್ಲ.

ಆದರೆ ನಮ್ಮಿಂದ ಅವುಗಳಿಗೆ ಏನೂ ಹೋಗುವುದಿಲ್ಲ ಎಂದಲ್ಲ. ಕೋವಿಡ್ ಹೋಗುತ್ತದೆ. 2021ರ ಮೇ ತಿಂಗಳಲ್ಲಿ ಹೈದರಾಬಾದಿನ ನೆಹರೂ ಮೃಗಾಲಯದ ಎಂಟು ಸಿಂಹಗಳಲ್ಲಿ ಸೋಂಕು ದೃಢಪಟ್ಟಿದ್ದು ನೆನಪಿರಬಹುದು. ಸಿಂಹವೂ ಬೆಕ್ಕಿನ ಕುಟುಂಬದ್ದೇ. ನಿಮಗೆ ಕೋವಿಡ್ ಅಥವಾ ಜೋರು ಫ್ಲೂ ಇದ್ದಾಗ ಬೆಕ್ಕನ್ನು ಹಾಸಿಗೆಗೆ ಸೇರಿಸದಿದ್ದರೆ ಒಳ್ಳೆಯದು.

ಗಟ್ಟಿಮುಟ್ಟಾದ ದೊಡ್ಡ ಬೆಕ್ಕಿಗೆ ಈ ನೆಗಡಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನದಲ್ಲಿ ಇಳಿಯುತ್ತದೆ. ಹರ್ಪಿಸ್ ಮಾತ್ರ ಹೋದಂತೆ ಮಾಡಿ ನರಗಳಲ್ಲಿ ಅಡಗಿ ಕೂರುತ್ತದೆ. ಮನೆ ಬದಲಾಯಿಸಿದಾಗ, ಹೊಸ ನಾಯಿ ಬಂದಾಗ, ಮರಿ ಹಾಕಿದಾಗ, ಒಟ್ಟಿನಲ್ಲಿ ಬೆಕ್ಕಿಗೆ ಒತ್ತಡವಾದಾಗ ಮತ್ತೆ ತಲೆ ಎತ್ತುತ್ತದೆ. "ಪ್ರತಿ ವರ್ಷ ದೀಪಾವಳಿ ಆದಮೇಲೆ ನಮ್ಮ ಬೆಕ್ಕಿಗೆ ನೆಗಡಿ" ಎಂದು ಯಾರಾದರೂ ಹೇಳಿದರೆ ಅದು ಪಟಾಕಿ ಹೊಗೆ ಇರಬಹುದು, ಪಟಾಕಿ ಸದ್ದಿನ ಭಯಕ್ಕೆ ಎದ್ದ ಹಳೇ ಹರ್ಪಿಸ್ಸೂ ಇರಬಹುದು. ತಾಯಿಬೆಕ್ಕು ಹೊರಗೆ ಚೆನ್ನಾಗಿ ಕಂಡರೂ ಮರಿಗಳಿಗೆಲ್ಲ ನೆಗಡಿ ಹತ್ತುವುದು ಹೀಗೆಯೇ.

ಮರಿಗಳ ಲೆಕ್ಕ ಬೇರೆ. ಎರಡು ತಿಂಗಳ ಮರಿಯ ಎರಡೂ ಕಣ್ಣು ಅಂಟಿಕೊಂಡು, ಮೂಗು ಕಟ್ಟಿದರೆ ಅದು ಹಾಲು ಕುಡಿಯಲಾರದು, ಎರಡೇ ದಿನದಲ್ಲಿ ಸೋತುಹೋಗುತ್ತದೆ. ಅಂಟಿದ ಕಣ್ಣಿನ ಒಳಗೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಇಲ್ಲಿ ಒಂದು ಎಚ್ಚರಿಕೆ: ಮನೆಯಲ್ಲಿ ಯಾರಿಗೋ ತಂದು ಉಳಿದ ಕಣ್ಣಿನ ಡ್ರಾಪ್ಸ್ ಹಾಕಬೇಡಿ. ಅವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಸೇರಿರುತ್ತದೆ. ಹರ್ಪಿಸ್ ಹುಣ್ಣಿರುವ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಹುಣ್ಣು ಇನ್ನಷ್ಟು ಆಳಕ್ಕಿಳಿಯುತ್ತದೆ.

ಸೀನು ಎಣಿಸುವುದಲ್ಲ, ಉಸಿರು ಎಣಿಸಿ

ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂದು ಲೆಕ್ಕ ಹಾಕುವವರು ನಾವು. ಬೆಕ್ಕಿನ ವಿಷಯದಲ್ಲಿ ಎಣಿಸಬೇಕಾದದ್ದು ಬೇರೆ. ಬೆಕ್ಕು ನಿದ್ದೆಯಲ್ಲಿರುವಾಗ, ಗೊರಗುಟ್ಟದಿರುವಾಗ, ಪಕ್ಕದಲ್ಲಿ ಸದ್ದಿಲ್ಲದೆ ಕೂತು ಅದರ ಪಕ್ಕೆ ನೋಡಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲಿನ ಸ್ಟಾಪ್‌ವಾಚ್ ಹಾಕಿ 30 ಸೆಕೆಂಡು ಎಣಿಸಿ, ಬಂದದ್ದನ್ನು ಎರಡರಿಂದ ಗುಣಿಸಿ. ಆರೋಗ್ಯವಾಗಿರುವ ಬೆಕ್ಕು ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಬಾರಿ ಉಸಿರಾಡುತ್ತದೆ. ಮತ್ತೆ ಮತ್ತೆ ಎಣಿಸಿದರೂ 30 ದಾಟುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಸುಮ್ಮನೆ ಮಲಗಿರುವ ಬೆಕ್ಕಿನ ಉಸಿರು 40 ದಾಟಿದ್ದರೆ ನಾಳೆಗೆ ಎಂದು ಕಾಯಬೇಡಿ. ನಿಮ್ಮ ಬೆಕ್ಕು ಚೆನ್ನಾಗಿರುವಾಗಲೇ ಒಂದೆರಡು ಸಲ ಎಣಿಸಿ ಇಟ್ಟುಕೊಂಡರೆ ಹೋಲಿಸುವುದು ಸುಲಭ.

ನಾಯಿ ಬಾಯಿ ತೆರೆದು ತೇಕಿದರೆ ಅದು ಸಹಜ, ಮೈ ತಂಪು ಮಾಡಿಕೊಳ್ಳುವ ದಾರಿ. ಬೆಕ್ಕು ಹಾಗಲ್ಲ. ಜೋರಾಗಿ ಓಡಿ ಆಡಿದ ಮೇಲೋ, ಬಿಸಿಲಲ್ಲಿ ಗಾಡಿಯಲ್ಲಿ ತಂದಾಗಲೋ ಸ್ವಲ್ಪ ಹೊತ್ತು ತೇಕಬಹುದು. ಸುಮ್ಮನೆ ಕೂತ ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದು ತುರ್ತು ಸ್ಥಿತಿ. ಕತ್ತು ಮುಂದೆ ಚಾಚಿ, ಮೊಣಕೈ ಅಗಲಿಸಿ, ಹೊಟ್ಟೆ ಎಳೆದೆಳೆದು ಉಸಿರಾಡುವುದು, ಮಲಗಲು ಒಪ್ಪದೆ ಕುಕ್ಕರಿಸಿಯೇ ಇರುವುದು, ತುಟಿ ಎತ್ತಿ ನೋಡಿದರೆ ವಸಡು ಗುಲಾಬಿ ಬಣ್ಣ ಬಿಟ್ಟು ಬಿಳಿಚಿ ಅಥವಾ ನೀಲಿಯಾಗಿರುವುದು, ಇವೂ ಅಷ್ಟೇ ತುರ್ತು. ಇಂಥ ಹೊತ್ತಿನಲ್ಲಿ ಅದು ನೆಗಡಿಯಾಗಿರುವ ಸಂಭವ ಕಡಿಮೆ. ನ್ಯುಮೋನಿಯಾ, ಎದೆಗೂಡಿನಲ್ಲಿ ನೀರು ಅಥವಾ ಕೀವು ತುಂಬಿರುವುದು, ಹೃದಯದ ಕಾಯಿಲೆ, ನಾಯಿ ಕಚ್ಚಿದ್ದು, ವಿಷ, ಯಾವುದೂ ಇರಬಹುದು. ಮನೆಯಲ್ಲಿ ಕೂತು ಬಗೆಹರಿಸುವುದಲ್ಲ ಇದು.

ಕೆಮ್ಮಿನದು ಇನ್ನೊಂದು ಗೊಂದಲ. ಬೆಕ್ಕು ನೆಲಕ್ಕೆ ಬಗ್ಗಿ, ಕತ್ತು ನೀಟಿ 'ಖಕ್ ಖಕ್' ಎಂದರೆ "ಕೂದಲಿನ ಉಂಡೆ ಕಾರಿಕೊಳ್ಳುತ್ತಿದೆ" ಎಂದೇ ಎಲ್ಲರೂ ಹೇಳುತ್ತಾರೆ. ಕೂದಲು ಹೊರಗೆ ಬಂದರೆ ಸರಿ. ವಾರದಲ್ಲಿ ನಾಲ್ಕಾರು ಸಲ ಹೀಗಾಗಿ, ಏನೂ ಹೊರಗೆ ಬರದೆ, ಕೊನೆಗೆ ನುಂಗಿಕೊಂಡು ಎದ್ದುಹೋದರೆ ಅದು ಕೆಮ್ಮು. ಬೆಕ್ಕಿಗೂ ನಿಜವಾದ ಆಸ್ತಮಾ ಬರುತ್ತದೆ. ಸೌದೆ ಒಲೆಯ ಹೊಗೆ, ಸೊಳ್ಳೆಬತ್ತಿ, ಅಗರಬತ್ತಿ, ಬೀಡಿ ಸಿಗರೇಟು, ರಾಗಿ ಬಡಿಯುವಾಗ ಏಳುವ ದೂಳು, ಎಲ್ಲವೂ ಅದನ್ನು ಕೆರಳಿಸುತ್ತವೆ. ಇಲಿ, ಹಲ್ಲಿ, ಬಸವನಹುಳು ತಿನ್ನುವ ಬೆಕ್ಕಿಗೆ ಶ್ವಾಸಕೋಶದ ಹುಳುವಿನಿಂದಲೂ ಕೆಮ್ಮು ಬರುತ್ತದೆ, ಅದಕ್ಕೆ ಔಷಧಿ ಇದೆ. ಡಾಕ್ಟರ ಮುಂದೆ ಬೆಕ್ಕು ಕೆಮ್ಮುವುದಿಲ್ಲ, ಇದು ಎಲ್ಲ ಮಾಲೀಕರ ಅನುಭವ. ಹಾಗಾಗಿ ಕೆಮ್ಮುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ಗುಂಪಿಗೆ ಕಳಿಸುವುದಕ್ಕಲ್ಲ, ಡಾಕ್ಟರಿಗೆ ತೋರಿಸುವುದಕ್ಕೆ.

ಅರ್ಧ ಮಾತ್ರೆಯ ಲೆಕ್ಕ

ಪ್ಯಾರಸಿಟಮಾಲ್ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಲೇಬೇಕು, ಏಕೆಂದರೆ ಅದು ಎಲ್ಲರ ಮನೆಯಲ್ಲೂ ಇದೆ. ನಮ್ಮ ಯಕೃತ್ತು ಈ ಔಷಧಿಯನ್ನು ಒಂದು ಕಿಣ್ವದ ಸಹಾಯದಿಂದ ನಿರಪಾಯ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಬೆಕ್ಕಿನಲ್ಲಿ ಆ ಕಿಣ್ವದ ಕೆಲಸ ಬಹುತೇಕ ನಡೆಯುವುದೇ ಇಲ್ಲ. ಮಾಂಸವನ್ನೇ ತಿಂದು ಬದುಕುವ ಪ್ರಾಣಿಗೆ ಗಿಡಗಳಲ್ಲಿರುವ ಇಂಥ ರಾಸಾಯನಿಕಗಳನ್ನು ಕರಗಿಸುವ ಅಗತ್ಯ ಇರಲಿಲ್ಲ ಎಂದು ಕಾರಣ ಹೇಳುತ್ತಾರೆ. ಹಾಗಾಗಿ ಔಷಧಿ ವಿಷವಾಗಿ ತಿರುಗಿ ರಕ್ತದ ಹಿಮೋಗ್ಲೋಬಿನ್ನನ್ನೇ ಕೆಡಿಸುತ್ತದೆ. ಕೆಟ್ಟ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದು. ರಕ್ತ ಕಂದಾಗುತ್ತದೆ, ವಸಡು ಕಾಫಿ ಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಊದಿಕೊಳ್ಳುತ್ತವೆ, ಉಸಿರು ಏರುತ್ತದೆ.

ಕೆಜಿ ತೂಕಕ್ಕೆ 10 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣದಲ್ಲೇ ವಿಷವೇರಿದ ಬೆಕ್ಕುಗಳಿವೆ. ನಮ್ಮ ಹಳ್ಳಿಯ ಬೆಕ್ಕು ಮೂರೂವರೆ ಕೆಜಿ ಎಂದುಕೊಳ್ಳಿ. ಡೋಲೊ 650ರ ಅರ್ಧ ಮಾತ್ರೆ ಎಂದರೆ 325 ಮಿಲಿಗ್ರಾಂ, ಅಂದರೆ ಕೆಜಿಗೆ 90 ಮಿಲಿಗ್ರಾಂ ದಾಟಿತು. ಕಾಲು ಮಾತ್ರೆ ಕೊಟ್ಟರೂ 45ರ ಮೇಲೆ. ಮಕ್ಕಳ ಸಿರಪ್ಪಿನಲ್ಲಿರುವುದೂ ಅದೇ ಔಷಧಿ. ಇಲ್ಲಿ ನಡೆಯುವ ದೊಡ್ಡ ಅನಾಹುತ ಇನ್ನೊಂದು: ಮಾತ್ರೆ ಕೊಟ್ಟ ಕೆಲವು ಗಂಟೆಗಳಲ್ಲಿ ಬೆಕ್ಕಿನ ಉಸಿರು ಕೆಡುತ್ತದೆ, ಮನೆಯವರು ನೆಗಡಿಯೇ ಜಾಸ್ತಿಯಾಯಿತು ಎಂದು ಇನ್ನರ್ಧ ಕೊಡುತ್ತಾರೆ. ಗೊತ್ತಿಲ್ಲದೆ ಕೊಟ್ಟಾಗಿದ್ದರೆ ಮುಚ್ಚಿಡಬೇಡಿ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ, ಬೇಗ ಸಿಕ್ಕರೆ ಕೆಲಸ ಮಾಡುತ್ತದೆ. ಮಾತ್ರೆಯ ಸ್ಟ್ರಿಪ್ ಜೊತೆಗೇ ತೆಗೆದುಕೊಂಡು ಹೋಗಿ, ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿರಿ ಎಂದು ಹೇಳಿ.

ವಿಕ್ಸ್, ಕರ್ಪೂರ, ನೀಲಗಿರಿ ಎಣ್ಣೆಗಳ ಕಥೆಯೂ ಹೆಚ್ಚುಕಡಿಮೆ ಇದೇ. ಹಚ್ಚಿದ್ದನ್ನು ಬೆಕ್ಕು ನೆಕ್ಕದೆ ಬಿಡುವುದಿಲ್ಲ. ನೆಲ ಒರೆಸುವ ಫಿನಾಯಿಲ್ ಕೂಡ ಬೆಕ್ಕಿನ ಪಾದದಿಂದ ಬಾಯಿಗೆ ಹೋಗುತ್ತದೆ. ಬೆಕ್ಕು ಮಲಗುವ ಜಾಗ ಶುಚಿ ಮಾಡಲು ಬ್ಲೀಚಿಂಗ್ ದ್ರಾವಣವನ್ನು ತೆಳುವಾಗಿ ಬಳಸಿ, ಆಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಕ್ಯಾಲಿಸಿ ವೈರಸ್ಸಿಗೆ ಮಾಮೂಲಿ ಸೋಪಿಗಿಂತ ಅದೇ ಗಟ್ಟಿ.

ಹರಳೆಣ್ಣೆ, ಕೊಬ್ಬರಿ ಎಣ್ಣೆ ಕುಡಿಸುವುದು ದನಕ್ಕೆ ಗೊಟ್ಟ ಹಾಕುವ ಅಭ್ಯಾಸದಿಂದ ಬಂದದ್ದಿರಬೇಕು. ಎಣ್ಣೆ ಗಂಟಲಿಗೆ ಬಿದ್ದರೂ ಕೆಮ್ಮು ಬರುವುದಿಲ್ಲ, ನೇರ ಶ್ವಾಸಕೋಶಕ್ಕೆ ಜಾರುತ್ತದೆ. ಮೊದಲೇ ಮೂಗು ಕಟ್ಟಿ ಒದ್ದಾಡುವ ಬೆಕ್ಕಿಗೆ ಬಾಯಿ ಹಿಡಿದು ಏನನ್ನು ಹೊಯ್ದರೂ, ಬರೀ ನೀರಾದರೂ, ನ್ಯುಮೋನಿಯಾಕ್ಕೆ ದಾರಿ.

ಹಾಗಾದರೆ ಮನೆಯಲ್ಲಿ ಮಾಡುವುದೇನು?

ಉಸಿರು ಸರಿಯಿದೆ, ಬರೀ ಸೀನು, ಮೂಗು ಸೋರುವುದು ಇದೆ ಎಂದಾದರೆ ಮುಖ್ಯ ಕೆಲಸ ಅದಕ್ಕೆ ತಿನ್ನಿಸುವುದು. ಬೆಕ್ಕು ರುಚಿಗಿಂತ ವಾಸನೆ ನೋಡಿ ತಿನ್ನುವ ಪ್ರಾಣಿ. ಮೂಗು ಕಟ್ಟಿದರೆ ಎದುರಿಗಿರುವುದು ಆಹಾರ ಎಂದೇ ಅದಕ್ಕೆ ಅನ್ನಿಸುವುದಿಲ್ಲ. ಎರಡು ಮೂರು ದಿನ ಪೂರ್ತಿ ಉಪವಾಸವಿದ್ದರೆ, ಮುಖ್ಯವಾಗಿ ದಪ್ಪಗಿರುವ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಹೊಸ ಕಾಯಿಲೆಯಾಗುತ್ತದೆ. ನೆಗಡಿಯಿಂದ ಸಾಯದ ಬೆಕ್ಕು ಉಪವಾಸದಿಂದ ಸಾಯಬಹುದು. ಒಂದು ದಿನ ಪೂರ್ತಿ ತಿನ್ನದಿದ್ದರೆ ವೈದ್ಯರನ್ನು ಕೇಳಿ. ಮರಿಗೆ ಅಷ್ಟು ಹೊತ್ತೂ ಕಾಯುವಂತಿಲ್ಲ.

ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಮೂಗು, ಕಣ್ಣು ಮೆತ್ತಗೆ ಒರೆಸಿ, ಪ್ರತಿ ಕಣ್ಣಿಗೆ ಬೇರೆ ಹತ್ತಿ. ಆಮೇಲೆ ಬೆಚ್ಚಗಿನ ಆಹಾರ ಇಡಿ. ಬೇಯಿಸಿದ ಮೀನು, ಕೋಳಿ ಆಗಬಹುದು. ಒಣಮೀನಾದರೆ ನೆನೆಸಿ ಉಪ್ಪು ತೆಗೆದು ಬೇಯಿಸಿ, ಅದರ ವಾಸನೆಗೆ ಏಳದ ಬೆಕ್ಕು ಕಡಿಮೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅವು ಬೆಕ್ಕಿನ ರಕ್ತಕ್ಕೆ ಕೆಟ್ಟದ್ದು. ಅರಿಶಿನ ಹಾಲು ಕೂಡ ಬೇಡ. ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಹಾಲು ಅರಗುವುದಿಲ್ಲ, ನೆಗಡಿಯ ಜೊತೆ ಭೇದಿಯೂ ಸೇರುತ್ತದೆ. ಬಚ್ಚಲುಮನೆಯಲ್ಲಿ ಬಿಸಿನೀರು ತುಂಬಿಟ್ಟು, ಬಾಗಿಲು ಹಾಕಿ, ಬೆಕ್ಕಿನ ಜೊತೆ ನೀವೂ ಹತ್ತು ನಿಮಿಷ ಕೂತರೆ ಮೂಗು ಬಿಡುತ್ತದೆ. ಒಲೆ ಉರಿಯುತ್ತಿರುವ ಹಂಡೆಯ ಬಚ್ಚಲಾದರೆ ಹೊಗೆ ಇರಬಾರದು. ಪಾತ್ರೆಯ ಮೇಲೆ ಬೆಕ್ಕಿನ ಮುಖ ಹಿಡಿಯುವ ಸಾಹಸ ಬೇಡ, ಸುಡುತ್ತದೆ. ಬೇರೆ ಬೆಕ್ಕುಗಳಿದ್ದರೆ ತಟ್ಟೆ, ಹಾಸು ಬೇರೆ ಮಾಡಿ. ಅದನ್ನು ಮುಟ್ಟಿದ ಕೈ ತೊಳೆಯದೆ ಇನ್ನೊಂದನ್ನು ಮುಟ್ಟಬೇಡಿ.

ಮೆಡಿಕಲ್ ಸ್ಟೋರಿನಿಂದ ಆಂಟಿಬಯಾಟಿಕ್ ತಂದು ಕೊಡುವುದು ವ್ಯರ್ಥ, ವೈರಸ್ಸಿಗೆ ಅದು ನಾಟುವುದಿಲ್ಲ. ಮೂಗಿನ ನೀರು ಹಸಿರು ಹಳದಿಯಾಗಿ ಬ್ಯಾಕ್ಟೀರಿಯಾ ಸೇರಿದೆ ಎನಿಸಿದಾಗ ವೈದ್ಯರು ಡಾಕ್ಸಿಸೈಕ್ಲಿನ್ ಬರೆಯುವುದುಂಟು. ಆ ಮಾತ್ರೆ ಒಣಗಿದ್ದಂತೆ ನುಂಗಿಸಿದರೆ ಅನ್ನನಾಳದಲ್ಲಿ ಅಂಟಿ ಹುಣ್ಣು ಮಾಡುತ್ತದೆ. ಹೇಗೆ ಕೊಡಬೇಕು ಎಂದು ಅವರನ್ನೇ ಕೇಳಿಕೊಳ್ಳಿ.

ಒಂದು ವಿಷಯದಲ್ಲಿ ಮನುಷ್ಯರ ಜೀವದ ಪ್ರಶ್ನೆ ಇದೆ. ಜೊಲ್ಲು ಸುರಿಸುವ, ದನಿ ಬದಲಾದ, ನುಂಗಲಾಗದ, ಇದ್ದಕ್ಕಿದ್ದಂತೆ ಮೇಲೆ ಬೀಳುವ ಅಥವಾ ತೂರಾಡುವ ಬೆಕ್ಕಿನ ಬಾಯಿಗೆ ಕೈ ಹಾಕಬೇಡಿ. ಅದು ಬಾಯಿಹುಣ್ಣು ಇರಬಹುದು, ರೇಬೀಸ್ ಕೂಡ ಇರಬಹುದು. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬುದು ತಪ್ಪು. ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಕೇಳಿ.

ಎಲ್ಲಿಗೆ, ಹೇಗೆ ಒಯ್ಯುವುದು?

ಸರ್ಕಾರಿ ಪಶು ಆಸ್ಪತ್ರೆಗೆ ಬೆಕ್ಕು ತಂದರೆ ನಗುತ್ತಾರೆ ಎಂಬ ಸಂಕೋಚ ಬಿಡಿ. ಅಲ್ಲಿನ ವೈದ್ಯರು ಬೆಕ್ಕನ್ನೂ ಓದಿಯೇ ಬಂದವರು. ಎಕ್ಸ್‌ರೇ, ಆಮ್ಲಜನಕ ಬೇಕಾಗುವಂಥದ್ದಾದರೆ ಹಗರೆ, ಹಳೇಬೀಡು, ಬೇಲೂರು ಕಡೆಯವರಿಗೆ ಹಾಸನವೇ ಹತ್ತಿರ. ಅಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಕಾಲೇಜಿದೆ. ಹೊರಡುವ ಮೊದಲು ಫೋನ್ ಮಾಡಿ ಡಾಕ್ಟರು ಇದ್ದಾರಾ ಎಂದು ಕೇಳಿಕೊಳ್ಳಿ. ಪಶು ಇಲಾಖೆಯ ಸಹಾಯವಾಣಿ 1962. ಅದರ ಗಾಡಿ ಮುಖ್ಯವಾಗಿ ದನಕರುಗಳಿಗೆ, ಆದರೂ ಎಲ್ಲಿಗೆ ಹೋಗಬೇಕೆಂದು ವಿಚಾರಿಸಬಹುದು.

ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಬೈಕಿನ ಹಿಂದೆ ಕಟ್ಟಿ ಒಯ್ಯುವುದು ನಮ್ಮ ಕಡೆಯ ರೂಢಿ. ಉಸಿರಾಟದ ತೊಂದರೆ ಇರುವ ಬೆಕ್ಕು ಆ ಚೀಲದಲ್ಲೇ ಸಾಯಬಹುದು. ಗಾಳಿಯಾಡುವ ಪ್ಲಾಸ್ಟಿಕ್ ಕ್ರೇಟಿನಲ್ಲೋ ಬುಟ್ಟಿಯಲ್ಲೋ ಹಳೇ ಟವೆಲ್ ಹಾಸಿ ಕೂರಿಸಿ, ಮೇಲೆ ಇನ್ನೊಂದು ಬುಟ್ಟಿ ಮುಚ್ಚಿ ಕಟ್ಟಿ, ಅರ್ಧ ಭಾಗಕ್ಕೆ ತೆಳು ಬಟ್ಟೆ ಹಾಕಿ. ಕತ್ತಲಿದ್ದರೆ ಅದು ಸುಮ್ಮನಿರುತ್ತದೆ. ಹಿಡಿದು ಅಮುಕಬೇಡಿ, ಎದೆ ಒತ್ತಬೇಡಿ.

ಎರಡು ಸುದ್ದಿ, ಎರಡು ಬೇರೆ ರೋಗ

2025ರ ಮಾರ್ಚ್‌ನಲ್ಲಿ ರಾಯಚೂರಿನಲ್ಲಿ ಬೆಕ್ಕುಗಳಿಗೆ ಎಫ್‌ಪಿವಿ ಹರಡಿದೆ ಎಂಬ ಸುದ್ದಿ ಬಂತು, ಫಾರ್ವರ್ಡ್‌ಗಳೂ ಓಡಾಡಿದವು. ಅದು ನೆಗಡಿಯ ವೈರಸ್ಸಲ್ಲ. ಕರುಳನ್ನೂ ರಕ್ತದ ಬಿಳಿಕಣಗಳನ್ನೂ ಹೊಡೆಯುವ ಪ್ಯಾನ್‌ಲ್ಯುಕೊಪೀನಿಯಾ: ಜ್ವರ, ವಾಂತಿ, ಭೇದಿ, ಊಟ ಬಿಡುವುದು. 2023ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳನ್ನು ಬಲಿ ತೆಗೆದುಕೊಂಡದ್ದೂ ಇದೇ. ಲಸಿಕೆ ಹಾಕದ ಮರಿಗಳಿಗೆ ಇದು ಬಹಳ ಮಾರಕ, ಆದರೆ ಚಿಕಿತ್ಸೆ ಸಿಕ್ಕ ಬೆಕ್ಕುಗಳಲ್ಲಿ ಬದುಕುವವೂ ಸಾಕಷ್ಟಿವೆ. ಮನುಷ್ಯರಿಗೆ ಬರುವುದಿಲ್ಲ. ಬಂತೆಂದು ಹೆದರಿ ಬೆಕ್ಕನ್ನು ಪಕ್ಕದೂರಿನ ಬಯಲಿಗೆ ಬಿಟ್ಟುಬಂದರೆ ರೋಗ ಆ ಊರಿಗೂ ಹೋಗುತ್ತದೆ, ಅಷ್ಟೇ.

ಎರಡನೆಯದು ಹಕ್ಕಿಜ್ವರ. 2024ರ ಕೊನೆಗೆ ನಾಗಪುರದ ಗೋರೆವಾಡಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಎಚ್5ಎನ್1ನಿಂದ ಸತ್ತವು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಲ್ಲೇ ಅದು ಪತ್ತೆಯಾಯಿತು. ಅದೇ ಸಮಯದಲ್ಲಿ ಕರ್ನಾಟಕದ ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಕೋಳಿಗಳಲ್ಲೂ ಹಕ್ಕಿಜ್ವರ ಇತ್ತು. ಇದು ಬೆಕ್ಕಿನ ಉಸಿರನ್ನೂ ಮೆದುಳನ್ನೂ ಹಿಡಿಯುತ್ತದೆ, ಮನುಷ್ಯರಿಗೂ ಅಪರೂಪಕ್ಕೆ ಬರಬಲ್ಲದು. ಅಂಗಡಿಯ ಹಸಿ ಕೋಳಿ ತ್ಯಾಜ್ಯ, ತಾನಾಗಿ ಸತ್ತ ಕೋಳಿ, ಕಾಯಿಸದ ಹಾಲು ಬೆಕ್ಕಿಗೆ ಹಾಕಬೇಡಿ. ಸುತ್ತಮುತ್ತ ಕೋಳಿ, ಕಾಗೆ ಸಾಯುತ್ತಿರುವಾಗ ಬೆಕ್ಕಿಗೂ ಉಸಿರು ಕಟ್ಟಿ ಫಿಟ್ಸ್ ಬಂದರೆ ಬರಿಗೈಲಿ ಮುಟ್ಟದೆ ಪಶು ಇಲಾಖೆಗೆ ತಿಳಿಸಿ.

ಪ್ಯಾನ್‌ಲ್ಯುಕೊಪೀನಿಯಾ, ಹರ್ಪಿಸ್, ಕ್ಯಾಲಿಸಿ ಮೂರಕ್ಕೂ ಸೇರಿ ಒಂದೇ ಲಸಿಕೆ ಇದೆ. ಮರಿಗೆ ಆರರಿಂದ ಎಂಟು ವಾರವಾದಾಗ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ ಕೊಡುತ್ತಾರೆ, ಆಮೇಲೆ ಬೂಸ್ಟರ್. ಲಸಿಕೆ ಹಾಕಿಸಿದ ಬೆಕ್ಕಿಗೂ ನೆಗಡಿ ಬರಬಹುದು, ಆದರೆ ಸಾಮಾನ್ಯವಾಗಿ ಹಗುರವಾಗಿ ಬಂದು ಹೋಗುತ್ತದೆ. ರೇಬೀಸ್ ಲಸಿಕೆ ಬೇರೆ, ಮೂರು ತಿಂಗಳು ತುಂಬಿದ ಮೇಲೆ.